ಅಡ್ಡವೋ, ಉದ್ದವೋ: ಅಮರಾವತಿಯ ಕಲ್ಲುಗಳ ಮುಂದೆ ಕ್ಯಾಮೆರಾ

ವಿಜಯವಾಡದ ಪಶ್ಚಿಮದ ಅಂಚಿನಲ್ಲಿರುವ ಭವಾನಿಪುರಂಗೆ ಬರುವ ಹೊತ್ತಿಗೆ ಕೃಷ್ಣೆಗೆ ಯಾವ ಅವಸರವೂ ಉಳಿದಿರುವುದಿಲ್ಲ. ಸ್ವಲ್ಪ ಕೆಳಗೆ ಪ್ರಕಾಶಂ ಬ್ಯಾರೇಜು ನೀರನ್ನು ತಡೆದು ನಿಲ್ಲಿಸಿರುವುದರಿಂದ ಇಲ್ಲಿ ಅದು ಹೊಳೆಗಿಂತ ಹೆಚ್ಚಾಗಿ ದೊಡ್ಡದೊಂದು ಕೆರೆಯ ಹಾಗೆ ಹರಡಿಕೊಂಡಿದೆ. 1957ರಲ್ಲಿ ಬಳಕೆಗೆ ಬಂದ ಆ ಬ್ಯಾರೇಜಿನ ಉದ್ದ 1.2 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ನಡುನೀರಿನಲ್ಲಿ ಭವಾನಿ ದ್ವೀಪ, ಆಚೆ ದಡದಲ್ಲಿ ಸಾಲುಗುಡ್ಡ. ಕಣ್ಣಿಗೆ ಕಾಣುವುದೆಲ್ಲ ಅಡ್ಡಡ್ಡ. ಆದರೆ ಪುನ್ನಮಿ ಘಾಟಿನ ಮೆಟ್ಟಿಲ ಮೇಲೆ ನಿಂತವರ ಕೈಯಲ್ಲಿ ಫೋನು ನೆಟ್ಟಗೆ ನಿಂತಿರುತ್ತದೆ. ಚಿತ್ರದಲ್ಲಿ ಮನುಷ್ಯರು ತಲೆಯಿಂದ ಪಾದದವರೆಗೆ ಪೂರ್ತಿ ಬರುತ್ತಾರೆ. ನದಿ ಅವರ ಸೊಂಟದ ಹಿಂದೆ ಒಂದು ಪಟ್ಟಿಯಾಗುತ್ತದೆ. ಫೋನನ್ನು ಅಡ್ಡ ತಿರುಗಿಸಿದರೆ ನದಿ ಬರುತ್ತದೆ, ಮನುಷ್ಯರು ಚಿಕ್ಕವರಾಗುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಇದು ಫೋನಿನ ಕಾಲದ ತಾಪತ್ರಯವಲ್ಲ. ಭವಾನಿಪುರಂನಿಂದ ಎದುರು ದಡಕ್ಕೆ ದಾಟಿ, ನದಿಯ ಮೇಲ್ಗಡೆಗೆ 30–35 ಕಿಲೋಮೀಟರು ಹೋದರೆ ಅಮರಾವತಿ ಎಂಬ ಹಳೆಯ ಊರು ಸಿಗುತ್ತದೆ. ಅಲ್ಲಿಂದ ಹೊರಟ ಕಲ್ಲುಗಳ ಮುಂದೆ 1858ರಲ್ಲಿ ಮದರಾಸಿನಲ್ಲಿ ಒಂದು ಕ್ಯಾಮೆರಾ ನಿಂತಿತು. ಆ ಕ್ಯಾಮೆರಾದ ಹಿಂದಿದ್ದವನು ಅದಕ್ಕೂ ಕೆಲವು ವರ್ಷ ಮೊದಲು ಹಳೇಬೀಡಿನಲ್ಲಿ ಇದೇ ಆಯ್ಕೆಯನ್ನು ಎದುರಿಸಿದ್ದವನು.

ಮೊದಲು ಪದಗಳ ವಿಷಯ. ಇಂಗ್ಲಿಷಿನಲ್ಲಿ ಈ ಎರಡು ಚೌಕಟ್ಟುಗಳಿಗೆ ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್ ಎಂಬ ಹೆಸರುಗಳಿವೆ. ಮನುಷ್ಯನ ಮುಖಕ್ಕೆ ಒಂದು, ನೆಲದ ನೋಟಕ್ಕೆ ಇನ್ನೊಂದು ಎಂದು ಚಿತ್ರಕಾರರು ಮಾಡಿಕೊಂಡಿದ್ದ ರೂಢಿ ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಇಳಿದು ಬಂತು. ಆ ಹೆಸರುಗಳಲ್ಲೇ ಒಂದು ತೀರ್ಪು ಅಡಗಿದೆ: ಏನನ್ನು ಹೇಗೆ ತೆಗೆಯಬೇಕೆಂದು ಮೊದಲೇ ಹೇಳಿಬಿಟ್ಟಂತೆ. ಕನ್ನಡದ ಅಡ್ಡ, ಉದ್ದ ಎಂಬ ಮಾತುಗಳಿಗೆ ಆ ಹಟವಿಲ್ಲ. ಅವು ಹಿಡಿಯುವ ಬಗೆಯನ್ನಷ್ಟೇ ಹೇಳುತ್ತವೆ. ಎದುರಿಗೆ ಇರುವುದು ಮುಖವೋ ಹೊಲವೋ ಎಂದು ಕೇಳುವುದಿಲ್ಲ.

ಕನ್ನಡ ನಾಡಿನ ಶಿಲ್ಪಿಗಳಿಗಂತೂ ಎರಡೂ ಚೆನ್ನಾಗಿ ಗೊತ್ತಿದ್ದವು. ವೀರಗಲ್ಲು ಅಪ್ಪಟ ಉದ್ದ ಚೌಕಟ್ಟು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ, ಸತ್ತವನು ಏರಿದ ದಾರಿಯಲ್ಲೇ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಓಡುವ ಆನೆ, ಕುದುರೆ, ಬಳ್ಳಿ, ಹಂಸಗಳ ಪಟ್ಟಿಕೆಗಳು ಅಪ್ಪಟ ಅಡ್ಡ. ಅವಕ್ಕೆ ಆದಿಯೂ ಇಲ್ಲ, ತುದಿಯೂ ಇಲ್ಲ, ನೋಡುವವರು ನಡೆಯಬೇಕು. ಅದೇ ಗೋಡೆಯಲ್ಲಿ, ಆ ಪಟ್ಟಿಕೆಗಳ ಮೇಲೆ, ದೇವದೇವಿಯರ ದೊಡ್ಡ ವಿಗ್ರಹಗಳು ಒಂದೊಂದೇ ತಮ್ಮ ಕೊಡೆಯಡಿ ನೆಟ್ಟಗೆ ನಿಂತಿವೆ. ಕೆಳಗಿನದಕ್ಕೆ ನಡೆಯಬೇಕು, ಮೇಲಿನದಕ್ಕೆ ನಿಲ್ಲಬೇಕು.

ಈ ಗೋಡೆಯ ಎದುರಿಗೆ 1854ರ ಡಿಸೆಂಬರಿನಲ್ಲಿ ಬಂದು ನಿಂತವನು ಲಿನಿಯಸ್ ಟ್ರೈಪ್, ಮದರಾಸು ಸೈನ್ಯದ ಅಧಿಕಾರಿ. ಇಂಗ್ಲೆಂಡಿನಲ್ಲಿ ರಜೆಯಲ್ಲಿದ್ದಾಗ ಫೋಟೋ ವಿದ್ಯೆ ಕಲಿತು, ಬೆಂಗಳೂರಿನ ದಂಡಿಗೆ ಮರಳಿದ್ದ. ಹಳೇಬೀಡು, ಬೇಲೂರುಗಳಲ್ಲಿ ತೆಗೆದ ಚಿತ್ರಗಳು 1855ರ ಮದರಾಸು ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದವು. ಮುಂದೆ 1856ರಲ್ಲಿ ಅವನು ಮದರಾಸು ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕನಾದ.

ಅವನ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ. ಒಳಗೆ ಮೇಣ ಹಚ್ಚಿದ ಕಾಗದದ ನೆಗೆಟಿವ್, ಒಂದೊಂದೂ ಸುಮಾರು ಒಂದಡಿ ಉದ್ದದ್ದು. ಆಗಿನ್ನೂ ಚಿತ್ರವನ್ನು ದೊಡ್ಡದು ಮಾಡಿ ಮುದ್ರಿಸುವ ರೂಢಿಯಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ಪೆಟ್ಟಿಗೆ. ಇಂಥದ್ದನ್ನು ಎತ್ತಿನ ಗಾಡಿಯಿಂದ ಇಳಿಸಿ, ಟ್ರೈಪಾಡಿನ ಮೇಲೆ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೋಡಿದರೆ ಮಸುಕು ಗಾಜಿನ ಮೇಲೆ ದೇವಾಲಯ ತಲೆಕೆಳಗಾಗಿ ಕಾಣುತ್ತದೆ. ಅಡ್ಡವೋ ಉದ್ದವೋ ಎಂಬ ತೀರ್ಮಾನ ಇಲ್ಲಿ ಮಣಿಕಟ್ಟು ತಿರುಗಿಸುವಷ್ಟು ಸಲೀಸಲ್ಲ. ಬದಲಿಸಬೇಕೆಂದರೆ ಪೆಟ್ಟಿಗೆಯನ್ನೋ ಅದರ ಹಿಂಬದಿಯ ಹಲಗೆಯನ್ನೋ ತಿರುಗಿಸಿ, ಮತ್ತೆ ಮಟ್ಟ ನೋಡಿ, ಮತ್ತೆ ಫೋಕಸ್ ಮಾಡಬೇಕು. ಕಾಗದಕ್ಕೆ ಹಿಡಿಸಿದ ರಾಸಾಯನಿಕ ಕೆಡುವುದರೊಳಗೆ ಕೆಲಸ ಮುಗಿಯಬೇಕು. ಹಾಗಾಗಿ ಆ ಕಾಲದ ಪ್ರತಿ ಚೌಕಟ್ಟೂ ಯೋಚಿಸಿ ಹಾಕಿದ್ದು. ಅಚಾತುರ್ಯದಿಂದ ಅಡ್ಡ ಬಂದದ್ದು, ಉದ್ದ ಬಂದದ್ದು ಬಹುಶಃ ಇಲ್ಲವೇ ಇಲ್ಲ.

ಹಳೇಬೀಡಿನ ಗೋಡೆ ಇಂಥ ಕ್ಯಾಮೆರಾಕ್ಕೆ ಸುಲಭವಾಗಿ ಒಗ್ಗುವಂಥದ್ದಲ್ಲ. ಅದು ಒಳಕ್ಕೂ ಹೊರಕ್ಕೂ ಮಡಿಚಿಕೊಳ್ಳುತ್ತ ಹೋಗುತ್ತದೆ. ಎಲ್ಲಿ ನಿಂತರೂ ಒಂದು ಮೂಲೆ ಇನ್ನೊಂದನ್ನು ಮರೆಮಾಡುತ್ತದೆ. ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಕೆಳಗಿನ ಆನೆಗಳ ಪಟ್ಟಿಕೆಯನ್ನು ಸುಮಾರು 710 ಅಡಿ ಎಂದು ಲೆಕ್ಕ ಹಾಕಿದ. ಆನೆಗಳು 2,000ಕ್ಕೆ ಕಡಿಮೆಯಿಲ್ಲ ಎಂದ. ಒಂದಡಿಯ ಕಾಗದದ ಮೇಲೆ ಇದರಲ್ಲಿ ಎಷ್ಟು ಹಿಡಿದೀತು? ಉದ್ದ ಹಿಡಿದರೆ ಒಬ್ಬ ದೇವರು ಸಿಗುತ್ತಾನೆ, ಅವನ ಕಾಲಡಿ ನಾಲ್ಕಾರು ಆನೆ. ಅಡ್ಡ ಹಿಡಿದರೆ ಆನೆಗಳ ಸಾಲು ಸಿಗುತ್ತದೆ, ಆದರೆ ಎರಡು ತುದಿಯಲ್ಲೂ ಕತ್ತರಿಸಿದ ಆನೆ.

ಕತ್ತರಿಸದೆ ಹಿಡಿಯುವುದು ಹೇಗೆಂದು ಟ್ರೈಪ್ ನಾಲ್ಕು ವರ್ಷಗಳ ನಂತರ ತಂಜಾವೂರಿನಲ್ಲಿ ತೋರಿಸಿದ. 1858ರಲ್ಲಿ ಅಲ್ಲಿನ ಬೃಹದೀಶ್ವರ ದೇವಾಲಯದ ಮುಂದೆ ನಿಂತಾಗ ಯಾರಾದರೂ ಮೊದಲು ಮಾಡುವ ಕೆಲಸ ಕತ್ತೆತ್ತಿ ವಿಮಾನದ ತುದಿ ನೋಡುವುದು. ಉದ್ದ ಚೌಕಟ್ಟಿಗಾಗಿಯೇ ಕಟ್ಟಿದಂಥ ಕಟ್ಟಡ. ಟ್ರೈಪ್ ಅದನ್ನೂ ತೆಗೆದ. ಆಮೇಲೆ ಕ್ಯಾಮೆರಾವನ್ನು ಬುಡಕ್ಕೆ ಇಳಿಸಿದ. ವಿಮಾನದ ಅಧಿಷ್ಠಾನದ ಸುತ್ತ ಕೊರೆದ ಶಾಸನಗಳನ್ನು ತುಂಡು ತುಂಡಾಗಿ, ಒಂದರ ಪಕ್ಕದಲ್ಲಿ ಒಂದು ಬರುವಂತೆ ತೆಗೆದು, 21 ಮುದ್ರಣಗಳನ್ನು ಅಂಟಿಸಿ 19 ಅಡಿಗೂ ಉದ್ದದ ಒಂದೇ ಸುರುಳಿ ಮಾಡಿದ. ಅಷ್ಟು ಎತ್ತರದ ಗೋಪುರದ ಎದುರಿಗೆ ನಿಂತು ಅಷ್ಟು ಅಡ್ಡದ ಚಿತ್ರ ತೆಗೆದವನು ಅವನಿಗಿಂತ ಮೊದಲು ಇರಲಾರ. ಕಾರಣ ಸರಳ: ಬರಹ ಅಡ್ಡಕ್ಕೆ ಓಡುತ್ತದೆ. ಶಾಸನದ ಒಂದು ಸಾಲನ್ನು ನಡುವೆ ಕತ್ತರಿಸಿದರೆ ಅದು ಶಾಸನವಾಗಿ ಉಳಿಯುವುದಿಲ್ಲ. ಮುಂದಿನ ಅಕ್ಷರ ಯಾವುದೆಂದು ಗೊತ್ತಾಗಬೇಕಾದರೆ ಪಕ್ಕದ ಕಲ್ಲು ಬೇಕು.

ಶಿಲ್ಪದ ವಿಷಯದಲ್ಲೂ ಪಕ್ಕದ ಕಲ್ಲು ಬೇಕು ಎಂಬುದು ಆಗ ಅಷ್ಟು ಸ್ಪಷ್ಟವಾಗಿರಲಿಲ್ಲ.

ಅದೇ ವರ್ಷ ಟ್ರೈಪ್ ಮದರಾಸಿನ ಮ್ಯೂಸಿಯಮ್ಮಿನಲ್ಲಿದ್ದ ಅಮರಾವತಿಯ ಶಿಲ್ಪಗಳನ್ನು ತೆಗೆದ. ಅವು ಅಲ್ಲಿಗೆ ಬಂದ ಕಥೆ ಸ್ವಲ್ಪ ದೊಡ್ಡದು. ಶಾತವಾಹನರ ಕಾಲದಲ್ಲಿ ಬೆಳೆದು ಮೆರೆದ ಸ್ತೂಪ ಅದು. ಸುತ್ತಲಿನ ಕಲ್ಲುಬೇಲಿಯ ವ್ಯಾಸವೇ 190 ಅಡಿಗೂ ಹೆಚ್ಚು. ಅಂದರೆ ಬೇಲಿಯ ಗುಂಟ ಒಂದು ಸುತ್ತು ಬಂದರೆ ಸುಮಾರು 600 ಅಡಿ ನಡೆದಂತಾಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಹೊಸ ಊರು ಕಟ್ಟಿಸಿದಾಗ ದಿಬ್ಬದ ಇಟ್ಟಿಗೆ, ಕಲ್ಲುಗಳು ಆ ಕಟ್ಟಡಗಳಿಗೆ ಹೋದವು. ನಡುವನ್ನು ಅಗೆದು ಕೆರೆ ಮಾಡಹೊರಟರು. ಸುದ್ದಿ ಕೇಳಿ ಬಂದವನು ಕಾಲಿನ್ ಮೆಕೆಂಜಿ. ಕನ್ನಡಿಗರಿಗೆ ಕೈಫಿಯತ್ತುಗಳಿಂದಾಗಿ ಪರಿಚಿತನಾದ, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ, ಹಂಪಿಯ ನಕ್ಷೆ ಬರೆಸಿದ ಅದೇ ಮೆಕೆಂಜಿ. 1816ರಲ್ಲಿ ಮತ್ತೆ ಬಂದು, ಉಳಿದಿದ್ದ ಕಲ್ಲುಗಳ ಚಿತ್ರ ಬರೆಸಿದ. ಅವು ಎಲ್ಲಿದ್ದವೆಂದು ನಕ್ಷೆಯನ್ನೂ ಮಾಡಿಸಿದ. ಮುಂದೆ ಒಬ್ಬ ಕಲೆಕ್ಟರು ಕೆಲವನ್ನು ಮಚಲೀಪಟ್ಟಣದ ಹೊಸ ಪೇಟೆಯ ಅಂದಕ್ಕೆಂದು ಸಾಗಿಸಿದ. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಮದರಾಸಿಗೆ ಕಳಿಸಿದ ಕಲ್ಲುಗಳು ವರ್ಷಗಟ್ಟಲೆ ಬಯಲಲ್ಲಿ ಬಿಸಿಲು ಮಳೆ ಉಂಡವು. ಟ್ರೈಪ್ ತೆಗೆದದ್ದು ಇವನ್ನು. ಮರುವರ್ಷ, 1859ರಲ್ಲಿ, ಅವುಗಳಲ್ಲಿ 120ರಷ್ಟು ಕಲ್ಲುಗಳು ಹಡಗೇರಿ ಲಂಡನ್ನಿಗೆ ಹೊರಟವು. ಅದೇ ವರ್ಷ ಮದರಾಸು ಸರ್ಕಾರ ಖರ್ಚು ಹೆಚ್ಚೆಂದು ಟ್ರೈಪನ ವಿಭಾಗವನ್ನೂ ಮುಚ್ಚಿತು.

ಆ ಚಿತ್ರಗಳಲ್ಲಿ ದೊಡ್ಡ ಚಪ್ಪಡಿಗಳು ಒಂಟಿಯಾಗಿ, ಸಣ್ಣ ಚೂರುಗಳು ಗುಂಪಾಗಿ ಕಾಣುತ್ತವೆ. ಟ್ರೈಪನನ್ನು ದೂರುವಂತಿಲ್ಲ, ಅವನ ಎದುರಿಗೆ ಇದ್ದದ್ದೇ ಹಾಗೆ. ತಂಜಾವೂರಿನಲ್ಲಿ ಗೋಡೆ ಗೋಡೆಯಾಗಿಯೇ ಇತ್ತು, ಕ್ಯಾಮೆರಾ ಅದರ ಗುಂಟ ಸರಿಯಬಹುದಿತ್ತು. ಇಲ್ಲಿ ಗೋಡೆಯೇ ಇಲ್ಲ. ನೆಟ್ಟಗಿನ ಕಂಬಕ್ಕೆ, ನೆಟ್ಟಗಿನ ಚಪ್ಪಡಿಗೆ ಉದ್ದ ಚೌಕಟ್ಟು ಚೆನ್ನಾಗಿ ಹೊಂದುತ್ತದೆ. ಎಷ್ಟು ಚೆನ್ನಾಗಿ ಎಂದರೆ, ಕಲ್ಲಿನ ಅಂಚೂ ಚಿತ್ರದ ಅಂಚೂ ಒಂದೇ ಎನಿಸುವಷ್ಟು. ಅಪಾಯ ಇರುವುದು ಅಲ್ಲೇ. ಅಂಚಿನಾಚೆ ಏನೂ ಇರಲಿಲ್ಲ, ಇದೊಂದು ಪೂರ್ತಿಯಾದ ಚಿತ್ರಪಟ ಎಂದು ನೋಡುವ ಕಣ್ಣು ನಂಬುತ್ತದೆ. ಸ್ತೂಪದಲ್ಲಿ ಅದು ಪ್ರದಕ್ಷಿಣೆ ಬರುವ ಭಕ್ತರ ಬಲಗಡೆಗೆ ಒಂದಾದ ಮೇಲೊಂದು ಬರುತ್ತಿದ್ದ ಸಾಲಿನ ಒಂದು ಕೊಂಡಿ. ಕಂಬ, ಕಂಬಗಳ ನಡುವೆ ತಾವರೆ ಕೊರೆದ ಅಡ್ಡಪಟ್ಟಿ, ಮೇಲೆ ದಪ್ಪ ಹೂಮಾಲೆಯನ್ನು ಹೊತ್ತು ಸಾಗುವ ಆಳುಗಳ ಉಷ್ಣೀಷ. ಆ ಮಾಲೆ ಎಲ್ಲೂ ತುಂಡಾಗದೆ ಬೇಲಿಯ ಗುಂಟ ಹೋಗುತ್ತಿತ್ತು.

ಲಂಡನ್ನಿನಲ್ಲಿ ಕಲ್ಲುಗಳನ್ನು ಕೆಲವು ವರ್ಷ ಎಲ್ಲರೂ ಮರೆತರು. ಫರ್ಗುಸನ್ 1867ರ ಪ್ಯಾರಿಸ್ ಪ್ರದರ್ಶನಕ್ಕೆ ಭಾರತೀಯ ವಾಸ್ತುಶಿಲ್ಪದ ಫೋಟೋಗಳನ್ನು ಹೊಂದಿಸುತ್ತಿದ್ದಾಗ ಅವು ಫೈಫ್ ಹೌಸ್ ಎಂಬ ಕಟ್ಟಡದ ಗಾಡಿಖಾನೆಯಲ್ಲಿ ಬಿದ್ದಿರುವುದು ತಿಳಿಯಿತು. ಕಲ್ಲುಗಳನ್ನು ಎತ್ತಿ ಜೋಡಿಸಿ ನೋಡುವುದು ಆಗುವ ಮಾತಲ್ಲ. ಫರ್ಗುಸನ್ ವಿಲಿಯಂ ಗ್ರಿಗ್ಸ್ ಎಂಬ ಛಾಯಾಗ್ರಾಹಕನಿಂದ ಅವನ್ನೆಲ್ಲ ಒಂದೇ ಅಳತೆಗೆ ತೆಗೆಸಿದ. ಆ ಚಿತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮೆಕೆಂಜಿ ಬರೆಸಿದ್ದ ಚಿತ್ರಗಳ ನೆರವಿನಿಂದ ಬೇಲಿಯನ್ನು ಮತ್ತೆ ಕಟ್ಟುತ್ತ ಹೋದ. ಒಂಟಿ ಕಲ್ಲುಗಳ ಚಿತ್ರಗಳು ಸೇರಿ ಅಡ್ಡದ ಒಂದು ಬೇಲಿಯಾದವು. ಇದರ ಫಲ 1868ರ ಅವನ ದೊಡ್ಡ ಗ್ರಂಥ, ‘ಟ್ರೀ ಅಂಡ್ ಸರ್ಪೆಂಟ್ ವರ್ಶಿಪ್’. ಇದಕ್ಕೆ ಎರಡು ವರ್ಷ ಮೊದಲು ಧಾರವಾಡ, ಮೈಸೂರು ಸೀಮೆಯ ದೇವಾಲಯಗಳ ಬಗ್ಗೆಯೂ ಅವನು ಹೀಗೆಯೇ, ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಫೋಟೋಗಳ ಜೊತೆ ವಾಸ್ತುಶಿಲ್ಪದ ಟಿಪ್ಪಣಿ ಬರೆದಿದ್ದ. ಕಲ್ಲಿನ ಬದಲು ಕಾಗದ ನೋಡಿ ಬರೆಯುವ ವಿದ್ಯೆಯಲ್ಲಿ ಅವನು ಪಳಗಿದ್ದ.

ಬೇಲಿಯ ಮಟ್ಟಿಗೆ ಅವನ ಜೋಡಣೆ ಬಹಳ ಬುದ್ಧಿವಂತಿಕೆಯದು. ಎಡವಿದ್ದು ಇನ್ನೊಂದು ಬಗೆಯ ಕಲ್ಲುಗಳಲ್ಲಿ. ಬೇಲಿಯ ಕಂಬಗಳಲ್ಲದೆ ತೆಳುವಾದ, ಎತ್ತರದ, ತುಂಬಾ ನಾಜೂಕು ಕೆತ್ತನೆಯ ಚಪ್ಪಡಿಗಳೂ ಅಲ್ಲಿದ್ದವು. ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಅವೂ ಒಂದು ಸಾಲಾಗಿ ಹೊಂದಿಕೊಂಡವು. ಸಾಲಾಯಿತು ಎಂದ ಮೇಲೆ ಅದೂ ಒಂದು ಬೇಲಿಯೇ ಇರಬೇಕು ಎಂದುಕೊಂಡ. ದೊಡ್ಡ ಬೇಲಿಯ ಒಳಗೆ ಇನ್ನೊಂದು ಸಣ್ಣ ‘ಒಳಬೇಲಿ’ ಇತ್ತೆಂದು ಬರೆದ. ಹಾಗೊಂದು ಬೇಲಿ ಇರಲೇ ಇಲ್ಲ. ಆ ಚಪ್ಪಡಿಗಳು ಸ್ತೂಪದ ಗುಂಡಗಿನ ಬುಡಗೋಡೆಗೆ ಹೊದಿಸಿದ್ದವು. ಜೇಮ್ಸ್ ಬರ್ಗೆಸ್ ತನ್ನ 1887ರ ಪುಸ್ತಕದಲ್ಲಿ ಇದನ್ನು ತಿದ್ದಿದ. ಅವನಿಗೆ ಒಂದು ಅನುಕೂಲವಿತ್ತು: ವಿಜಯವಾಡದಿಂದ ಹೈದರಾಬಾದಿನ ದಾರಿಯಲ್ಲಿರುವ ಜಗ್ಗಯ್ಯಪೇಟೆಯ ಸ್ತೂಪವನ್ನೂ ಅವನು ಅಗೆಸಿದ್ದ, ಅಲ್ಲಿ ಚಪ್ಪಡಿಗಳು ಬುಡಕ್ಕೆ ಅಂಟಿಕೊಂಡಂತೆಯೇ ನಿಂತಿದ್ದವು.

ಮೇಜಿನ ಮೇಲೆ ಕೂತು ನೋಡಿದರೆ ಫರ್ಗುಸನ್ ಎಡವಿದ್ದು ಸಹಜವೇ. ಎದುರಿನಿಂದ ತೆಗೆದ ಉದ್ದ ಚಿತ್ರ ಕಲ್ಲಿನ ಮುಖವನ್ನು ಪೂರ್ತಿ ತೋರಿಸುತ್ತದೆ, ಅದರ ಬೆನ್ನನ್ನೂ ಪಕ್ಕವನ್ನೂ ತೋರಿಸುವುದಿಲ್ಲ. ಬೇಲಿಯ ಕಂಬಕ್ಕೆ ಎರಡೂ ಕಡೆ ಕೆತ್ತನೆ, ಪಕ್ಕದಲ್ಲಿ ಅಡ್ಡಪಟ್ಟಿ ಸಿಕ್ಕಿಸುವ ತೂತು. ಹೊದಿಕೆಯ ಚಪ್ಪಡಿ ಗೋಡೆಗೆ ಆನಿಕೊಳ್ಳುವಂಥದ್ದು, ಅದಕ್ಕೆ ಒಂದೇ ಮುಖ. ಒಂದು ಚಪ್ಪಡಿಯನ್ನಂತೂ ಹಳೆಯ ಕೆತ್ತನೆ ಗೋಡೆಗೆ ಬರುವಂತೆ ತಿರುಗಿಸಿ, ಹಿಂಬದಿಗೆ ಹೊಸದನ್ನು ಕೆತ್ತಿ ಮತ್ತೆ ಬಳಸಿದ್ದಾರೆ. ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಆ ಹೊಸ ಮುಖದ ಮೇಲೆ ಕೆತ್ತಿರುವುದು ಸ್ತೂಪವನ್ನೇ. ಬೇಲಿ, ಬಾಗಿಲು, ಅದರ ಹಿಂದೆ ಚಪ್ಪಡಿಗಳು ಹೊದ್ದ ಗುಮ್ಮಟ, ಮೇಲೆ ಹಾರುವ ಗಂಧರ್ವರು. ನೂರಾರು ಅಡಿ ಸುತ್ತಳತೆಯ ಗುಂಡು ಕಟ್ಟಡವನ್ನು ಶಿಲ್ಪಿ ಒಂದು ಉದ್ದ ಚೌಕಟ್ಟಿಗೆ ಇಳಿಸಿದ್ದಾನೆ. ಬದಿಗಳನ್ನು ಬಿಟ್ಟು ಬಾಗಿಲನ್ನು ನಡುವೆ ಇಟ್ಟುಕೊಂಡಿದ್ದಾನೆ, ಮೇಲಿನದನ್ನು ಮೇಲೆ, ಮುಂದಿನದನ್ನು ಕೆಳಗೆ ಇಟ್ಟಿದ್ದಾನೆ. ನೆಲದ ಮೇಲೆ ಏನೂ ಉಳಿಯದ ಆ ಕಟ್ಟಡ ಹೇಗಿತ್ತೆಂದು ಇಂದು ಹೇಳಲು ಸಾಧ್ಯವಾಗುತ್ತಿರುವುದು ಬಹುಪಾಲು ಇಂಥ ಚಪ್ಪಡಿಗಳಿಂದಲೇ. ಹಾಗಾಗಿ ಉದ್ದ ಚೌಕಟ್ಟೇ ಎಲ್ಲ ಹಾಳು ಮಾಡಿತು ಎಂದು ತೀರ್ಪು ಕೊಡಲು ಬರುವುದಿಲ್ಲ. ಶಿಲ್ಪಿ ಇಡೀ ಸ್ತೂಪವನ್ನು ಕಂಡಿದ್ದ, ಕಂಡದ್ದನ್ನು ಉದ್ದಕ್ಕೆ ಹೊಂದಿಸಿದ. ಕ್ಯಾಮೆರಾದ ಮುಂದೆ ಬಂದು ನಿಂತದ್ದು ಒಂದೊಂದೇ ಚಪ್ಪಡಿ.

ಸ್ಥಳದಲ್ಲಿ ಉಳಿದದ್ದರ ಗತಿಯನ್ನು ಚುಟುಕಾಗಿ ಹೇಳಬಹುದು. ರಾಬರ್ಟ್ ಸ್ಯೂವೆಲ್ 1877ರಲ್ಲಿ ಅಮರಾವತಿಯಲ್ಲಿ ಅಗೆಸಿ ವರದಿ ಬರೆದ. ವಿಜಯನಗರದ ಬಗ್ಗೆ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದವನೂ ಇವನೇ. 1880ರಲ್ಲಿ ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಇಡೀ ದಿಬ್ಬವನ್ನೇ ತೆಗೆಸಿ ಹಾಕಿದ. ಮರುವರ್ಷ ಬರ್ಗೆಸ್ ಬಂದಾಗ ಅಲ್ಲಿದ್ದದ್ದು ಒಂದು ಹೊಂಡ, ಅದರ ದಡದ ಮೇಲೆ ಕಲ್ಲುಗಳು. ಯಾವ ಕಲ್ಲಿನ ಪಕ್ಕ ಯಾವುದಿತ್ತು ಎಂದು ಹೇಳಬಲ್ಲ ಮಣ್ಣು ಹೋಗಿತ್ತು.

ಕ್ಯಾಮೆರಾ ಆಮೇಲೆ ಅಡ್ಡಕ್ಕೆ ತಿರುಗಿದ್ದು ಯಾರ ಸೌಂದರ್ಯಪ್ರಜ್ಞೆಯಿಂದಲೂ ಅಲ್ಲ. ಸಿನಿಮಾ ಕ್ಯಾಮೆರಾದಲ್ಲಿ 35 ಮಿ.ಮೀ. ಫಿಲ್ಮು ಮೇಲಿನಿಂದ ಕೆಳಗೆ ಓಡುತ್ತದೆ. ಆಸ್ಕರ್ ಬಾರ್ನಾಕ್ ಅದೇ ಫಿಲ್ಮನ್ನು ತನ್ನ ಸಣ್ಣ ಕ್ಯಾಮೆರಾದಲ್ಲಿ ಪಕ್ಕಕ್ಕೆ ಓಡಿಸಿದ. ಸಿನಿಮಾದ 18×24ರ ಎರಡು ಚೌಕಟ್ಟುಗಳ ಜಾಗ ಸೇರಿ 24×36 ಆಯಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಈ ಲೈಕಾವನ್ನು ಎರಡು ಕೈಯಲ್ಲಿ ಸಹಜವಾಗಿ ಹಿಡಿದರೆ ಚಿತ್ರ ಅಡ್ಡ ಬರುತ್ತದೆ. ಜಗತ್ತಿನ ಹವ್ಯಾಸಿಗಳೆಲ್ಲ ಮುಕ್ಕಾಲು ಶತಮಾನ ಅಡ್ಡ ನೋಡಿದ್ದಕ್ಕೆ ಮುಖ್ಯ ಕಾರಣ ಫಿಲ್ಮು ಓಡಿದ ದಿಕ್ಕು. 1959ರ ಒಲಿಂಪಸ್ ಪೆನ್ ಆ ಚೌಕಟ್ಟನ್ನು ಮತ್ತೆ ಅರ್ಧ ಮಾಡಿದಾಗ ಸಹಜ ಹಿಡಿತಕ್ಕೆ ಉದ್ದ ಚಿತ್ರ ಬಂತು. ರೋಲಿಫ್ಲೆಕ್ಸ್ ಚಚ್ಚೌಕವಾಗಿ ಜಗಳವನ್ನೇ ತಪ್ಪಿಸಿತು. ಫೋನು ಒಂದು ಕೈಯ ವಸ್ತು, ಕಿವಿಗೆ ಹಿಡಿಯಲೆಂದು ಹುಟ್ಟಿದ್ದು. ಅದು ನೆಟ್ಟಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅಮರಾವತಿಗೆ ತಪ್ಪಿಹೋದ ಅವಕಾಶ ಕನ್ನಡ ನಾಡಿನಲ್ಲಿ ಇನ್ನೊಮ್ಮೆ ಸಿಕ್ಕಿತು. ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಭೀಮೆಯ ದಡದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿ. ಅದರ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಶಾತವಾಹನರ ಕಾಲದ ಇನ್ನೊಂದು ಸ್ತೂಪ ಹೊರಬಿತ್ತು. ಇಲ್ಲೂ ಬುಡಗೋಡೆಗೆ ಹೊದಿಸಿದ್ದ ಎತ್ತರದ ಸುಣ್ಣಕಲ್ಲಿನ ಚಪ್ಪಡಿಗಳು. ಒಂದೊಂದರಲ್ಲೂ ಸಾಮಾನ್ಯವಾಗಿ ಮೇಲೊಂದು ಕೆಳಗೊಂದು ಎರಡು ಅಂಕಣ, ಅನೇಕ ಕಡೆ ಬ್ರಾಹ್ಮಿಯಲ್ಲಿ ಪುಟ್ಟ ಶೀರ್ಷಿಕೆ. ಚಪ್ಪಡಿಗಳು ಒಡೆದಿದ್ದವು, ಬಿದ್ದಿದ್ದವು. ಆದರೆ ಬಿದ್ದಲ್ಲೇ ಇದ್ದವು. ಯಾವ ಜಮೀನ್ದಾರನೂ ಪೇಟೆಗೆ ಸಾಗಿಸಿರಲಿಲ್ಲ, ಯಾವ ಹಡಗೂ ಹೊತ್ತಿರಲಿಲ್ಲ.

ಅಲ್ಲಿಂದ ದೇಶವೆಲ್ಲ ಸುತ್ತಿದ ಫೋಟೋ ಒಂದೇ. ರಾಜ, ಪಕ್ಕದಲ್ಲಿ ರಾಣಿ, ಕೊಡೆ ಚಾಮರ ಹಿಡಿದ ಸೇವಕಿಯರು, ‘ರಾಯೋ ಅಸೋಕೋ’ ಎಂಬ ಅಕ್ಷರಗಳು. ಅಶೋಕನ ಹೆಸರೇ ಕೊರೆದಿರುವ ಅವನ ಚಿತ್ರ ಎಂದ ಮೇಲೆ ಅದು ಪ್ರಸಿದ್ಧವಾಗದೆ ಇರುತ್ತದೆಯೇ? ಹೆಚ್ಚಾಗಿ ಅಚ್ಚಾಗುವುದು ಆ ಒಂದು ಅಂಕಣ ಮಾತ್ರ. ಅದೇ ಚಪ್ಪಡಿಯ ಇನ್ನೊಂದು ಅಂಕಣವೂ ಕತ್ತರಿಗೆ ಸಿಗುತ್ತದೆ. ಅದೇ ಸ್ತೂಪದಲ್ಲಿ ಛಿಮುಕ, ಸಾತಕಣಿ, ಪುಳುಮಾವಿ ಎಂಬ ಶಾತವಾಹನ ದೊರೆಗಳ ಹೆಸರಿನ ಚಿತ್ರಗಳೂ ಇವೆ. ಪ್ರದಕ್ಷಿಣೆ ಬರುವವರು ಯಾವ ರಾಜನನ್ನು ಮೊದಲು ಕಾಣುತ್ತಿದ್ದರು, ಅಶೋಕನ ನಂತರ ಯಾರು ಬರುತ್ತಿದ್ದರು, ಜಾತಕದ ಕಥೆಗಳು ಎಲ್ಲಿ ಮುಗಿದು ರಾಜರ ಸಾಲು ಎಲ್ಲಿ ಶುರುವಾಗುತ್ತಿತ್ತು ಎಂಬುದೆಲ್ಲ ಆ ಕಾಲದವರು ತಮ್ಮ ರಾಜ್ಯವನ್ನು ಯಾವ ಪರಂಪರೆಗೆ ಸೇರಿಸಿಕೊಂಡಿದ್ದರು ಎಂಬುದಕ್ಕೆ ಸಾಕ್ಷಿ. ಒಂಟಿ ಅಂಕಣದ ಫೋಟೋದಲ್ಲಿ ಆ ಸಾಕ್ಷಿ ಇಲ್ಲ. ಅದಿರುವುದು ಚಪ್ಪಡಿಗಳು ಬಿದ್ದ ಜಾಗದ ನಕ್ಷೆಯಲ್ಲಿ, ಅಗೆತದ ವೇಳೆ ದೂರ ನಿಂತು ತೆಗೆದ, ಪತ್ರಿಕೆಗಳು ಅಚ್ಚು ಹಾಕದ ಚಿತ್ರಗಳಲ್ಲಿ. ಆ ದೂರದ ನೋಟಗಳಲ್ಲಿ ಒಂದೊಂದು ಶಿಲ್ಪವೂ ಸಣ್ಣದಾಗಿ, ಮಸುಕಾಗಿ ಕಾಣುತ್ತದೆ. ಆದರೆ ಯಾವುದು ಯಾವುದರ ಪಕ್ಕ ಬಿದ್ದಿತ್ತು ಎಂಬುದು ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇಲಾಖೆ ಚಪ್ಪಡಿಗಳನ್ನು ಜೋಡಿಸುವ ಕೆಲಸಕ್ಕೆ ಕೈಹಾಕಿದೆ. ಆ ಕೆಲಸಕ್ಕೆ ಬೇಕಾಗುವುದು ಈ ಮಸುಕು ಚಿತ್ರಗಳೇ.